ಅಜ್ಜಿಯ ಬೋರಮಾಳ ಆಫೀಸಿಗೂ ನಡಿತದ!

ದಸರಾ ಬಂತಂದ್ರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬನ್ನಿ ಎಲೆ ಕೈಗಿಟ್ಟು "ಬಂಗಾರದಂಗ ಇರೋಣ" ಅಂತೀವಿ. ಎಲೆಯ ಬಂಗಾರ ಪುಕ್ಕಟೆ. ಅಂಗಡಿಯ ಬಂಗಾರದ ಕಥೆ ಬೇರೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನದ ಬೆಲೆ ಮೊದಲ ಸಲ ಒಂದು ಲಕ್ಷ ರೂಪಾಯಿ ಮುಟ್ಟಿತು. ಅದೇ ವರ್ಷ ಅದನ್ನೂ ದಾಟಿ ಬಹಳ ಮೇಲೆ ಹೋಯಿತು. ಮೊದಲ ಸಂಬಳದಲ್ಲಿ ಅವ್ವನಿಗೊಂದು ಚೈನು ತಗೋಬೇಕು ಅಂದುಕೊಂಡವರು ಈಗ ಒಂದು ಜೊತೆ ಟಾಪ್ಸ್‌ಗೆ ಬಂದು ನಿಂತಿದ್ದಾರೆ.

ಹಾಗಂತ ಗೋಕುಲ ರಸ್ತೆಯ ಐಟಿ ಕಚೇರಿಗೆ, ರೈಲ್ ಸೌಧಕ್ಕೆ, ಧಾರವಾಡದ ಹೈಕೋರ್ಟ್ ಪೀಠಕ್ಕೆ, ಬ್ಯಾಂಕಿಗೆ, ಕಾಲೇಜಿಗೆ ದಿನಾ ಓಡಾಡುವ ಎಲ್ಲರ ಮನೆಯಲ್ಲೂ ಬಂಗಾರವೇ ಇಲ್ಲ ಅಂತಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಬೋರಮಾಳ, ಅತ್ತೆಯ ಪಾಟ್ಲಿ, ಯಾವುದೋ ಕಾಲದ ಗುಂಡಿನ ಸರ, ಒಂದು ಜೊತೆ ಝುಮಕಿ ಇದ್ದೇ ಇವೆ. ಎಲ್ಲ ಲಾಕರ್‌ನಲ್ಲಿ ಮಲಗಿವೆ. ಕೇಳಿದರೆ ಉತ್ತರ ಒಂದೇ: "ಅದು ಹಳೇ ಫ್ಯಾಶನ್‌ದ್ದು, ಆಫೀಸಿಗೆ ಹೆಂಗ ಹಾಕ್ಕೊಂಡ ಹೋಗೋದು? ಮುರಿಸಿ ಎರಡು ಲೈಟ್‌ವೇಟ್ ಸೆಟ್ ಮಾಡಿಸಿಬಿಡೋಣ."

ಸ್ವಲ್ಪ ತಡೀರಿ. ಮುರಿಸೋ ಮೊದಲು ಒಂದು ಲೆಕ್ಕ ಹಾಕೋಣ.

ಹತ್ತು ಕೊಟ್ಟು ಎಂಟೂ ಸಿಗದ ವ್ಯಾಪಾರ

ಲೆಕ್ಕ ಸುಲಭ ಆಗಲಿ ಅಂತ 22 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 10,000 ರೂ. ಅಂತ ಹಿಡಿಯೋಣ. ನಿಮ್ಮ ಹಳೇ ಸರ 10 ಗ್ರಾಂ. ಹಿಂದಿನ ಕಾಲದ ಒಡವೆಗಳಲ್ಲಿ ಬೆಸುಗೆ ಜಾಸ್ತಿ, ಆ ಬೆಸುಗೆಯಲ್ಲಿ ಚಿನ್ನ ಕಡಿಮೆ. ಹಾಗಾಗಿ ಕರಗಿಸಿ ನೋಡಿದಾಗ ಅದು 22 ಕ್ಯಾರೆಟ್ ಬದಲು 20 ಕ್ಯಾರೆಟ್ ಅಂತ ಬಂತು ಅನ್ನಿ. ನಿಮ್ಮ ಕೈಗೆ ಬರೋದು ಸುಮಾರು 90,900 ರೂಪಾಯಿ ಬೆಲೆ. ಈಗ ಅದೇ ದುಡ್ಡಿನಲ್ಲಿ ಹೊಸದು ತಗೊಳ್ಳಿ. ಮಜೂರಿ ಶೇ. 12 ಅಂತ ಇಟ್ಟುಕೊಂಡರೆ, ಮೇಲೆ ಶೇ. 3 ಜಿಎಸ್‌ಟಿ. ಕೊನೆಗೆ ಸಿಗೋದು 7.9 ಗ್ರಾಂನಷ್ಟು. ಅಂಗಡಿಯವರು ಒಂದು ಪೈಸೆ ಮೋಸ ಮಾಡದಿದ್ದರೂ ಇಷ್ಟೇ! ಲೈಟ್‌ವೇಟ್ ಡಿಸೈನ್‌ಗಳಿಗೆ ಮಜೂರಿ ಇದಕ್ಕಿಂತ ಹೆಚ್ಚೇ ಇರುತ್ತೆ.

ಬೋರಮಾಳದ ವಿಷಯದಲ್ಲಿ ಇನ್ನೊಂದು ಗುಟ್ಟಿದೆ. ಬೋರೆಹಣ್ಣಿನ ಹಾಗೆ ದುಂಡಗಿರೋ ಆ ಮಣಿಗಳು ಒಳಗೆ ಗಟ್ಟಿ ಚಿನ್ನ ಅಲ್ಲ. ತೆಳ್ಳನೆಯ ಚಿನ್ನದ ತಗಡಿನ ಚಿಪ್ಪು, ಒಳಗೆ ತುಂಬಿರೋದು ಅರಗು. ಮಣಿ ತಗ್ಗಾಗಬಾರದು ಅಂತ ಪತ್ತಾರರು ಕಂಡುಕೊಂಡ ಉಪಾಯ ಅದು. ಕಡಿಮೆ ಬಂಗಾರದಲ್ಲಿ ಕೊರಳು ತುಂಬ ಕಾಣಬೇಕು ಅನ್ನೋ ಜಾಣತನ. ಅಂದ್ರೆ, ಈಗ ನಾವು 'ಲೈಟ್‌ವೇಟ್' ಅಂತ ದುಡ್ಡು ಕೊಟ್ಟು ಹುಡುಕುತ್ತಿರೋದನ್ನ ನಮ್ಮ ಅಜ್ಜಿಯರು ಆಗಲೇ ಹಾಕ್ಕೊಂಡಿದ್ರು. ಆದರೆ ಕರಗಿಸೋಕೆ ಕೊಟ್ಟರೆ ಅರಗು ಸುಟ್ಟುಹೋಗುತ್ತೆ, ತೂಕ ದಿಢೀರನೆ ಇಳಿಯುತ್ತೆ. "30 ಗ್ರಾಂ ಇತ್ತಲ್ರೀ, ಇಷ್ಟ ಯಾಕಾತು?" ಅಂತ ಕೌಂಟರ್ ಮುಂದೆ ನಿಂತು ಕೇಳಿ ಪ್ರಯೋಜನ ಇಲ್ಲ.

ತೂಕದ ಮಾತು ಬಂದಾಗ ನೆನಪಿಡಿ: ಅಜ್ಜಿ ಹೇಳೋ ಒಂದು ತೊಲಿ ಅಂದ್ರೆ 11.66 ಗ್ರಾಂ. ಈಗ ಪೇಟೆಯಲ್ಲಿ ಬಾಯಿಮಾತಿಗೆ 10 ಗ್ರಾಂಗೇ ತೊಲಿ ಅಂತಾರೆ. "ಐದು ತೊಲಿ ಸಾಮಾನು" ಅನ್ನೋ ಮನೆಮಾತಿನಲ್ಲಿ ಯಾವ ತೊಲಿ ಅಂತ ಕೇಳಿಕೊಳ್ಳಿ.

ಮುರಿಸಬ್ಯಾಡ್ರಿ, ಪೋಣಿಸ್ರಿ

ಹಾಗಾದ್ರೆ ಏನು ಮಾಡೋದು? ಬೋರಮಾಳ, ಗುಂಡಿನ ಸರ ಇವೆಲ್ಲ ಮಣಿಗಳ ಸರ. ಮಣಿಗಳನ್ನ ಬಿಚ್ಚಬಹುದು, ಬೇರೆ ಥರ ಪೋಣಿಸಬಹುದು. ಚಿನ್ನಕ್ಕೆ ಕೈ ಹಚ್ಚೋ ಅಗತ್ಯವೇ ಇಲ್ಲ. ಇದಕ್ಕಂತಲೇ ನಮ್ಮ ಕಡೆ ಪಟವೇಗಾರರು ಇದ್ದಾರೆ. ರೇಷ್ಮೆ ದಾರದಲ್ಲಿ ಒಡವೆ ಪೋಣಿಸಿ, ಹಿಂದೆ ಗೊಂಡೆ ಕಟ್ಟಿ ಕೊಡೋದು ಅವರ ಪರಂಪರೆಯ ಕೆಲಸ. ದುರ್ಗದಬೈಲ್, ಕಂಚಗಾರ ಗಲ್ಲಿ ಕಡೆಯ ಹಳೇ ಸರಾಫ ಅಂಗಡಿಯವರನ್ನ ಕೇಳಿದರೆ ದಾರಿ ತೋರಿಸ್ತಾರೆ. ನೀವು ಕೊಡೋದು ಪೋಣಿಸೋ ಕೂಲಿ, ದಾರ, ಕೊಂಡಿಯ ಖರ್ಚು ಅಷ್ಟೇ.

ಎರಡೆಳೆ, ಮೂರೆಳೆ ಬೋರಮಾಳ ಇದ್ದರೆ ಒಂದೆಳೆಯನ್ನ ಮಾತ್ರ ತೆಗೆಸಿ, 16 ಇಂಚಿನ ಕುತ್ತಿಗೆಮಟ್ಟದ ಸರ ಮಾಡಿಸಿ. ಕಾಟನ್ ಕುರ್ತಿ ಮೇಲೆ, ಫಾರ್ಮಲ್ ಶರ್ಟಿನ ಒಂದು ಗುಂಡಿ ಬಿಚ್ಚಿದ ಕಾಲರ್ ನಡುವೆ ಅದು ಕಾಣೋ ಚೆಂದವೇ ಬೇರೆ. ಇನ್ನೂ ಸಣ್ಣದು ಬೇಕಾ? ತೆಳು ಚೈನಿನಲ್ಲಿ ಐದೋ ಏಳೋ ಮಣಿ ಮಾತ್ರ, ನಡುವೆ ಜಾಗ ಬಿಟ್ಟು. ಹವಳದ ಜೊತೆ ಒಂದು ಚಿನ್ನ ಒಂದು ಹವಳ ಅಂತ ಪೋಣಿಸಿದರೆ ಚಿನ್ನ ಅರ್ಧಕ್ಕೆ ಇಳಿಯುತ್ತೆ, ಬಣ್ಣ ಏರುತ್ತೆ. ಎರಡು ಮಣಿ ಉಳಿದರೆ ಕಿವಿಗೆ ಇಳಿಬಿಡೋ ಹಾಗೆ ಕೊಕ್ಕೆ ಹಾಕಿಸಬಹುದು. ಮದುವೆ, ಸೀಮಂತ ಬಂದಾಗ ಎಲ್ಲಾ ಮಣಿ ಕೂಡಿಸಿ ಮತ್ತೆ ಮೂರೆಳೆ! ಮುರಿಸಿದ್ದರೆ ಈ ಹಿಂದಿರುಗೋ ದಾರಿ ಇರ್ತಿರಲಿಲ್ಲ.

ಕೆಲಸಕ್ಕೆ ಕೊಡುವಾಗ ಮಣಿ ಎಣಿಸಿ, ಫೋಟೋ ತೆಗೆದು, ತೂಕ ಹಾಕಿಸಿ. ಆದಷ್ಟು ಎದುರಿಗೇ ಕೂತು ಪೋಣಿಸಿಕೊಂಡು ಬನ್ನಿ. ಇದರಲ್ಲಿ ಸಂಕೋಚ ಬೇಡ, ಒಳ್ಳೆ ಕೆಲಸಗಾರರು ತಾವೇ ಎಣಿಸಿ ತೋರಿಸ್ತಾರೆ. ದಿನಾ ಹಾಕುವವರು ವರ್ಷಕ್ಕೊಮ್ಮೆ ದಾರ ಬದಲಿಸಬೇಕು. ಬೆವರು ರೇಷ್ಮೆಯನ್ನ ತಿನ್ನುತ್ತೆ.

ಮನೆಯಲ್ಲಿ ಮಾತ್ರ ಮೊದಲೇ ಒಂದು ಮಾತು ಕೇಳಿ. ಎಷ್ಟೋ ಅಜ್ಜಿಯರಿಗೆ ಆ ಸರ ತವರಿನವರು ಹಾಕಿದ್ದು. ಬಿಚ್ಚೋ ಮಾತೆತ್ತಿದರೆ ಮುಖ ಸಣ್ಣ ಆಗಬಹುದು. ಆದರೆ "ಮಾರಲ್ಲ, ಮುರಿಸಲ್ಲ, ದಿನಾ ಹಾಕ್ಕೊಂತೀನಿ" ಅಂದರೆ ಅವರೇ ಯಾವ ಮಣಿ ಎಲ್ಲಿ ಬರಬೇಕು ಅಂತ ಹೇಳೋಕೆ ಶುರು ಮಾಡ್ತಾರೆ.

ಆಫೀಸಿಗೆ ಎಷ್ಟು ಸಾಕು?

ಇದಕ್ಕೆ ಫ್ಯಾಶನ್ ಪುಸ್ತಕಕ್ಕಿಂತ ನಿಮ್ಮ ಕೆಲಸವೇ ಉತ್ತರ ಹೇಳುತ್ತೆ.

ದಿನಕ್ಕೆ ನಾಲ್ಕು ವಿಡಿಯೋ ಕಾಲ್ ಇರೋರಿಗೆ ಕಾಣೋದು ಮುಖದಿಂದ ಭುಜದವರೆಗೆ ಮಾತ್ರ. ಕೈಗೆ ಎಷ್ಟು ಹಾಕಿದರೂ ಯಾರೂ ನೋಡಲ್ಲ, ಲ್ಯಾಪ್‌ಟಾಪಿಗೆ ಬಡಿದು ಟಕಟಕ ಅನ್ನೋದು ಮಾತ್ರ ಮೈಕಿನಲ್ಲಿ ಕೇಳುತ್ತೆ. ಅಂಥವರು ಬಂಗಾರವನ್ನ ಕಿವಿಗೆ ಇಡಿ. ನಮ್ಮ ಬೆಂಡೋಲೆ ಇದಕ್ಕೆ ಹೇಳಿ ಮಾಡಿಸಿದ್ದು. ಕಿವಿಗೆ ಅಂಟಿಕೊಂಡಿರುತ್ತೆ, ಅಲ್ಲಾಡಲ್ಲ, ಹೊಳಪಿದೆ. ಹೆಡ್‌ಫೋನ್ ಇಡೀ ದಿನ ಹಾಕೋರು ಹಿಂದಿನ ತಿರುಪು ಚಪ್ಪಟೆ ಇರೋದನ್ನ ನೋಡಿ ಆರಿಸಿ, ಇಲ್ಲಾಂದ್ರೆ ಸಂಜೆ ಹೊತ್ತಿಗೆ ಕಿವಿ ಹಿಂದೆ ಚುಚ್ಚಿ ನೋವು.

ಶಾಲೆ ಕಾಲೇಜಿನಲ್ಲಿ ಪಾಠ ಮಾಡೋರಿಗೆ ಕೈ ಮೇಲೆತ್ತಿ ಬರೆಯೋ ಕೆಲಸ. ಬಳೆ ಮೊಣಕೈವರೆಗೂ ಜಾರುತ್ತೆ. ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆ ಹಿಡಿದು ಧಾರವಾಡದಿಂದ ಹುಬ್ಬಳ್ಳಿಗೆ ನಿಂತೇ ಬರೋರಿಗೂ ಇದೇ ಪಾಡು. ಒಂದೇ ಬಿಲ್ವಾರ, ಅದರ ಎರಡೂ ಕಡೆ ಒಂದೊಂದು ಹಸಿರು ಗಾಜಿನ ಬಳೆ, ಅಷ್ಟು ಸಾಕು. ಗಾಜಿನ ಬಳೆ ಕೈಗೆ ಸರಿಯಾಗಿ ಹಿಡಿದಿದ್ದರೆ ಬಿಲ್ವಾರ ಕೂಡ ಜಾರಲ್ಲ. ಇನ್ನೊಂದು ಕೈಗೆ ವಾಚು.

ಬ್ಯಾಂಕ್ ಕೌಂಟರ್‌ನಲ್ಲಿ ನೋಟು ಎಣಿಸೋರಿಗೆ ಎತ್ತರದ ಹರಳಿನ ಉಂಗುರ ಬೇಡ, ಮುಳ್ಳು ಪ್ರತಿ ನೋಟಿಗೂ ಸಿಗುತ್ತೆ. ನರ್ಸ್, ಡಾಕ್ಟರ್‌ಗಳಿಗಂತೂ ಮೊಣಕೈಯಿಂದ ಕೆಳಗೆ ಏನೂ ಇಲ್ಲದಿರೋದೇ ಸರಿ. ಉಂಗುರ, ಬಳೆ ಕೆಳಗೆ ಕೈ ಸರಿಯಾಗಿ ತೊಳೆಯೋಕೆ ಆಗಲ್ಲ. ಮೂಗುಬೊಟ್ಟು, ಸಣ್ಣ ಕಿವಿಯೋಲೆ ಸಾಕು. ಯಂತ್ರದ ಪಕ್ಕ ನಿಲ್ಲೋರಿಗೆ ಉಂಗುರ ಅಪಾಯಕಾರಿ, ಅದರಲ್ಲಿ ಚರ್ಚೆ ಇಲ್ಲ. ವಕೀಲರಿಗೆ ಕೊರಳಲ್ಲಿ ಬ್ಯಾಂಡ್ ಇರೋದರಿಂದ ಸರ ಹಾಕಿದರೂ ಕಾಣಲ್ಲ. ಕಪ್ಪು ಕೋಟಿಗೆ ಎದ್ದು ಕಾಣೋದು ಕಿವಿಯ ಚಿನ್ನವೇ.

ಹಾಂ, ಧಾರವಾಡದಲ್ಲಿ ಕೆಲಸದ ಜೊತೆ ಸ್ಪರ್ಧಾತ್ಮಕ ಪರೀಕ್ಷೆಗೂ ಓದೋರು ಎಷ್ಟು ಜನ! ನೆನಪಿಡಿ, 2023ರ ನವೆಂಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರಡಿಸಿದ ವಸ್ತ್ರಸಂಹಿತೆಯಲ್ಲಿ ತಾಳಿ, ಕಾಲುಂಗುರ ಬಿಟ್ಟು ಬೇರೆ ಒಡವೆಗೆ ಅವಕಾಶ ಇರಲಿಲ್ಲ. ನಿಮ್ಮ ಪರೀಕ್ಷೆಯ ಹಾಲ್ ಟಿಕೆಟ್ ಹಿಂದಿನ ಸೂಚನೆ ಓದಿ, ಹಿಂದಿನ ರಾತ್ರಿಯೇ ಬಿಚ್ಚಿ ಮನೆಯಲ್ಲಿಡಿ. ಗೇಟಿನ ಹೊರಗೆ ನಿಂತು ಬೆಂಡೋಲೆ ಬಿಚ್ಚಿ ಯಾರ ಕೈಗೆ ಕೊಡ್ತೀರಿ?

ಕೊರಳಿನ ಅಳತೆ ಬಗ್ಗೆ ಒಂದು ಮಾತು. 16 ಇಂಚು ಕುತ್ತಿಗೆ ಬುಡಕ್ಕೆ, 18 ಇಂಚು ಕೊರಳೆಲುಬಿನ ಹತ್ತಿರ, 20-22 ಇಂಚು ಎದೆ ಕಡೆಗೆ. ವಿ-ನೆಕ್ ಕುರ್ತಿಗೆ 18 ಇಂಚು ಸಣ್ಣ ಪೆಂಡೆಂಟ್ ಚೆನ್ನಾಗಿ ಕೂರುತ್ತೆ. ರೌಂಡ್ ನೆಕ್ ಆದರೆ ಅದೇ 18 ಇಂಚು ಬಟ್ಟೆಯ ಅಂಚಿನ ಮೇಲೆ ಹತ್ತಿ ಇಳಿದು ಕಿರಿಕಿರಿ. ಒಂದೋ ಗಿಡ್ಡ, ಇಲ್ಲ ಉದ್ದ. ಚೈನೀಸ್ ಕಾಲರ್ ಇದ್ದ ದಿನ ಕೊರಳಿಗೆ ರಜೆ ಕೊಡಿ.

ಸ್ಕೂಟಿ ಓಡಿಸೋ ನಮ್ಮೂರ ಹುಡುಗಿಯರಿಗೆ ಇನ್ನೊಂದು ಸಮಸ್ಯೆ: ಹುಬ್ಬಳ್ಳಿ ಧೂಳು. ಮುಖಕ್ಕೆ ಓಢಣಿ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿ, ಆಫೀಸಿನಲ್ಲಿ ಇಳಿದು ಸರ್ ಅಂತ ಎಳೆದರೆ ಝುಮಕಿ ಓಢಣಿ ಜೊತೆಗೇ ಬರುತ್ತೆ. ಝುಮಕಿ ಹಾಕಬೇಕು ಅನ್ನಿಸಿದ ದಿನ ಅದು ಪುಟ್ಟ ಡಬ್ಬಿಯಲ್ಲಿ ಬ್ಯಾಗಿನೊಳಗೆ ಬರಲಿ, ವಾಶ್‌ರೂಮ್ ಕನ್ನಡಿ ಮುಂದೆ ಹಾಕ್ಕೊಳ್ಳಿ. ಓಢಣಿ ಸುತ್ತೋದರಲ್ಲಿ ಒಂದು ಲಾಭವೂ ಇದೆ: ಕೊರಳಿನ ಸರ ಮುಚ್ಚಿಹೋಗುತ್ತೆ. ಸರ ಕಿತ್ತುಕೊಂಡು ಹೋಗೋದನ್ನ ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಈಗ ಪ್ರತ್ಯೇಕ ಅಪರಾಧ ಅಂತ ಮಾಡಿದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಕಾನೂನು ಇದೆ, ಸರಿ. ಆದರೂ ಬೆಳಗಿನ ವಾಕಿಂಗ್‌ಗೆ ಸರ ಯಾಕೆ ಬೇಕು?

ಗಿಡ್ಡ ಕರಿಮಣಿ

ಮದುವೆಯಾದವರ ಪ್ರಶ್ನೆ ಸ್ವಲ್ಪ ನಾಜೂಕು. ಮದುವೆಯಲ್ಲಿ ಹಾಕಿದ ಉದ್ದನೆಯ ಎರಡೆಳೆ ಕರಿಮಣಿ ಶರ್ಟು-ಪ್ಯಾಂಟಿಗೆ ಹೊಂದಲ್ಲ, ಐಡಿ ಕಾರ್ಡಿನ ದಾರಕ್ಕೆ ಸುತ್ತಿಕೊಳ್ಳುತ್ತೆ. ಬಿಚ್ಚಿಟ್ಟರೆ ಮನೆಯಲ್ಲಿ ಮೌನ. ಹಾಗಾಗಿ ಈಗ ಬಹಳ ಜನ ದಿನನಿತ್ಯಕ್ಕೆ ಗಿಡ್ಡ ಕರಿಮಣಿ ಬೇರೆ ಮಾಡಿಸ್ತಾರೆ. ಒಂದೆಳೆ ಕರಿಮಣಿ, ನಡುವೆ ಸಣ್ಣ ತಾಳಿ. ಕೈಗೆ ಕಟ್ಟೋ ಬ್ರೇಸ್‌ಲೆಟ್ ಕರಿಮಣಿಯೂ ಬಂದಿದೆ.

ನನ್ನ ಮಟ್ಟಿಗೆ ಹಾಕೋದು, ಬಿಡೋದು, ಎಷ್ಟು ಉದ್ದ ಅನ್ನೋದು ಹಾಕ್ಕೊಳ್ಳುವವರ ಇಷ್ಟ. ಆದರೆ ಮಾಡಿಸೋದೇ ಆದರೆ ದುಡ್ಡು ಉಳಿಸೋ ದಾರಿ ಇದೆ: ಹೊಸ ಪೆಂಡೆಂಟ್ ಕೊಳ್ಳೋ ಬದಲು, ಹಳೇ ಗುಂಡಿನ ಸರದ ಎರಡು ಗುಂಡು ತೆಗೆದು ಕರಿಮಣಿಯಲ್ಲಿ ಪೋಣಿಸಿ. ಅತ್ತೆ ಮುಂದೆ "ಇದು ನಿಮ್ಮ ಸರದ್ದೇ ಗುಂಡು ನೋಡ್ರಿ" ಅಂದರೆ ಉದ್ದದ ಮಾತು ಅಲ್ಲಿಗೇ ಮುಗಿಯೋ ಸಾಧ್ಯತೆ ಹೆಚ್ಚು.

ರಜೆ ದಿನ ಏನು?

ಇಲ್ಲಿ ನಿಯಮ ಕಡಿಮೆ, ಮಜಾ ಜಾಸ್ತಿ. ಗುಳೇದಗುಡ್ಡದ ಖಣದ ಟಾಪು, ಜೀನ್ಸು, ಕಿವಿಯ ಮೇಲ್ಭಾಗಕ್ಕೆ ಬುಗುಡಿ. ಚುಚ್ಚಿಸಿಕೊಳ್ಳದೆ ಹಾಕೋ ಕ್ಲಿಪ್ ಬುಗುಡಿಯೂ ಬಂದಿದೆ. ಉಣಕಲ್ ಕೆರೆ ದಂಡೆಯಲ್ಲಿ ಸಂಜೆ ಒಂದು ಫೋಟೋ ತೆಗೆದು ನೋಡಿ. ಬುಗುಡಿ ಹಾಕಿದ ದಿನ ಕೊರಳಿಗೆ ಏನೂ ಬೇಡ ಅನ್ನೋದು ನನ್ನ ಅಭಿಪ್ರಾಯ, ಕಿವಿಯೇ ಮಾತಾಡಲಿ.

ಇಲಕಲ್ ಸೀರೆಗೆ ದಪ್ಪ ಅಂಚು, ಸೆರಗಿಗೆ ಟೋಪ ತೆನಿ. ಸೀರೆಯೇ ಇಷ್ಟು ಮಾತಾಡುವಾಗ ಒಂದೆಳೆ ಬೋರಮಾಳ, ಬೆಂಡೋಲೆ, ಮೂಗುಬೊಟ್ಟು ಇಷ್ಟರಲ್ಲೇ ಎಲ್ಲ ಬಂತು. ಕಸೂತಿ ಸೀರೆಗೆ ಇನ್ನೂ ಕಡಿಮೆ. ಅಷ್ಟು ಸೂಕ್ಷ್ಮ ಹೊಲಿಗೆಯ ಮೇಲೆ ದೊಡ್ಡ ಹಾರ ಇಟ್ಟರೆ ಎರಡೂ ಹಾಳು. ಬೆಳ್ಳಿ ಜೊತೆ ಚಿನ್ನ ಹಾಕಬಾರದು ಅನ್ನೋ ಹಳೇ ಮಾತು ಈಗ ಯಾರೂ ಕೇಳಲ್ಲ, ಕೇಳೋ ಅಗತ್ಯವೂ ಇಲ್ಲ. ಶಾಹ ಬಜಾರಿನ ನೂರು ರೂಪಾಯಿ ಆಕ್ಸಿಡೈಸ್ಡ್ ಬಳೆ ನಡುವೆ ಅಮ್ಮನ ಪಾಟ್ಲಿ ಒಂದು ಹಾಕಿ ನೋಡಿ, ಪಾಟ್ಲಿಯ ಬಣ್ಣ ಹೆಚ್ಚೇ ಕಾಣುತ್ತೆ.

ಹುಡುಗರೇ, ನಿಮಗೂ ಒಂದು ಸಾಲು: ಚೈನು, ಕಡಗ, ಎರಡು ಉಂಗುರ ಎಲ್ಲಾ ಒಟ್ಟಿಗೆ ಮದುವೆಗೆ ಇರಲಿ. ಆಫೀಸಿಗೆ ಯಾವುದಾದರೂ ಒಂದು.

ಹೊಸದೇ ಕೊಳ್ಳಬೇಕು ಅನ್ನೋರಿಗೆ

ಅಜ್ಜಿಯ ಬಂಗಾರ ಎಲ್ಲರಿಗೂ ಇರಲ್ಲ, ಗೊತ್ತು. ಮೊದಲ ಒಡವೆ ಕೊಳ್ಳುವವರು ನಾಲ್ಕು ಸಂಗತಿ ತಿಳ್ಕೊಂಡು ಹೋಗಿ.

22 ಕ್ಯಾರೆಟ್ ಅಂದ್ರೆ ಶೇ. 91.6 ಚಿನ್ನ, ಮುದ್ರೆ 916. 18 ಕ್ಯಾರೆಟ್ ಶೇ. 75, ಮುದ್ರೆ 750. ಚಿನ್ನ ಹೆಚ್ಚಿದ್ದಷ್ಟೂ ಮೆದು. ಹಾಗಾಗಿ ದಿನಾ ಬಡಿತ ತಿನ್ನೋ ಉಂಗುರ, ಹರಳು ಕೂರಿಸಿದ ಟಾಪ್ಸ್ 18 ಕ್ಯಾರೆಟ್ ಇದ್ದರೆ ಬಾಳಿಕೆ ಜಾಸ್ತಿ. ಹರಳಿಲ್ಲದ ಬಳೆ, ಸರ 22 ಇರಲಿ. 2025ರ ಜುಲೈನಿಂದ 9 ಕ್ಯಾರೆಟ್‌ಗೂ ಹಾಲ್‌ಮಾರ್ಕ್ ಬಂದಿದೆ, ಮುದ್ರೆ 375. ಅಗ್ಗ ನಿಜ, ಆದರೆ ಅದರಲ್ಲಿ ಚಿನ್ನ ಶೇ. 37.5 ಮಾತ್ರ. ಚೆಂದಕ್ಕೆ ತಗೊಳ್ಳಿ, ಉಳಿತಾಯ ಅಂತ ಅಲ್ಲ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಇರಲೇಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಅದನ್ನ ಹಾಕಿದರೆ ಶುದ್ಧತೆ, ಯಾವ ಥರದ ಒಡವೆ ಅನ್ನೋದೂ ಬರುತ್ತೆ. ಕೈಯಲ್ಲಿರೋದು ಉಂಗುರ, ಆ್ಯಪ್ ಹೇಳೋದು ಸರ ಅಂತಾದರೆ ಅಲ್ಲೇ ನಿಲ್ಲಿಸಿ.

ಈಗ ಬಹಳ ಜನ ಗಮನಿಸದ ವಿಷಯ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ಮೂಗುಬೊಟ್ಟು, ಪುಟ್ಟ ಟಾಪ್ಸ್, ಸಣ್ಣ ಪೆಂಡೆಂಟ್, ಅಂದ್ರೆ ನಾವು ಆಫೀಸಿಗೆ ಅಂತ ಕೊಳ್ಳೋ ಸಾಮಾನೇ ಎಷ್ಟೋ ಸಲ ಈ ವಿನಾಯಿತಿಯೊಳಗೆ ಬರುತ್ತೆ. ಅಂಥದ್ದನ್ನ ತಗೊಳ್ಳುವಾಗ ಬಿಲ್‌ನಲ್ಲಿ ಕ್ಯಾರೆಟ್ ಬರೆಸಿಕೊಳ್ಳಿ. ಹರಳಿದ್ದರೆ ಗ್ರಾಸ್ ವೇಟ್ ಬೇರೆ, ನೆಟ್ ವೇಟ್ ಬೇರೆ ಬರೆದಿರಬೇಕು. ಗಾಜಿನ ಹರಳಿಗೆ ಬಂಗಾರದ ರೇಟ್ ಕೊಡಬೇಡಿ.

ಮನೆಯ ಹಳೇ ಒಡವೆ ಎಷ್ಟು ಶುದ್ಧ ಅನ್ನೋ ಕುತೂಹಲ ಇದ್ದರೆ ಬಿಐಎಸ್ ಮಾನ್ಯತೆಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. 2022ರಲ್ಲಿ ಗ್ರಾಹಕರಿಗಾಗಿ ಪ್ರಕಟಿಸಿದ ದರದಂತೆ ನಾಲ್ಕು ಒಡವೆಯವರೆಗೆ 200 ರೂ., ಐದು ಅಥವಾ ಹೆಚ್ಚಿದ್ದರೆ ತಲಾ 45 ರೂ. ವಿನಿಮಯದ ಕೌಂಟರ್ ಮುಂದೆ ಕೂರೋ ಮೊದಲು ಆ ವರದಿ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತೆ.

ಜೋಪಾನ ಹೇಗೆ?

ಅರಗು ತುಂಬಿದ ಬೋರಮಾಳ ಬಿಸಿನೀರಿಗೆ ಬೇಡ. ಅರಗು ಮೆತ್ತಗಾಗುತ್ತೆ, ಮಣಿ ತಗ್ಗು ಬೀಳುತ್ತೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮಲಗುವಾಗ ಬಿಚ್ಚಿಡಿ. ಗಟ್ಟಿ ಬಳೆ, ಸರಕ್ಕೆ ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆ ಬ್ರಶ್ ಸಾಕು. ಸೆಂಟು ಮೊದಲು, ಬಂಗಾರ ಆಮೇಲೆ. ಈಜುಕೊಳದ ಕ್ಲೋರಿನ್ 18, 14 ಕ್ಯಾರೆಟ್‌ಗೆ ಹೆಚ್ಚು ಕಾಟ, ಯಾಕಂದ್ರೆ ಅವುಗಳಲ್ಲಿ ಬೇರೆ ಲೋಹ ಹೆಚ್ಚು. ಲ್ಯಾಬಿನಲ್ಲಿ ಕೆಲಸ ಮಾಡೋರು ಪಾದರಸದ ಹತ್ತಿರ ಉಂಗುರ ಹಾಕ್ಕೊಂಡು ಹೋಗಲೇಬಾರದು, ಎರಡೂ ಕೂಡಿಬಿಡ್ತವೆ.

ಲಾಕರ್‌ನಲ್ಲಿಟ್ಟರೆ ನೂರಕ್ಕೆ ನೂರು ಭದ್ರ ಅನ್ನೋರಿಗೆ ಒಂದು ಮಾಹಿತಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ಮೋಸದಿಂದ ಲಾಕರ್ ಸಾಮಾನು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತ. ಬಾಡಿಗೆ 2,000 ರೂ. ಇದ್ದರೆ 2 ಲಕ್ಷ. ಈಗಿನ ಬೆಲೆಯಲ್ಲಿ ಅದು ಎರಡು ತೊಲಿಗೂ ಸಾಲಲ್ಲ. ದೊಡ್ಡ ಹಾರಗಳು ಅಲ್ಲೇ ಇರಲಿ, ಆದರೆ ಒಂದೊಂದರ ಫೋಟೋ, ತೂಕ, ಬಿಲ್ಲು ಫೋನಿನಲ್ಲೂ ಇರಲಿ, ಮನೆಯ ಇನ್ನೊಬ್ಬರ ಹತ್ತಿರವೂ ಇರಲಿ.

ದಿನಾ ಹಾಕೋ ಸರದ ಕೊಂಡಿ, ಬೆಂಡೋಲೆಯ ತಿರುಪು ಮಾತ್ರ ವಾರಕ್ಕೊಮ್ಮೆ ನೋಡ್ತಾ ಇರಿ. ಭಾನುವಾರ ತಲೆಸ್ನಾನಕ್ಕೆ ಬಿಚ್ಚಿದಾಗ ಎರಡು ನಿಮಿಷದ ಕೆಲಸ. ಎಸ್ ಆಕಾರದ ಕೊಂಡಿ ಬಾಯಿ ತೆರೆದಿದ್ದರೆ ಹಲ್ಲಿನಲ್ಲಿ ಕಚ್ಚಿ ಸರಿ ಮಾಡೋಕೆ ಹೋಗಬೇಡಿ, ಪತ್ತಾರರ ಹತ್ತಿರ ಒಯ್ಯಿರಿ. ಮತ್ತೆ ನಮ್ಮೂರ ರಂಗಪಂಚಮಿ ದಿನ ಕಿವಿ, ಮೂಗು, ಕೊರಳು ಎಲ್ಲಾ ಖಾಲಿ ಇರಲಿ. ಬಣ್ಣದ ಬ್ಯಾರಲ್‌ನಲ್ಲಿ ಬಿದ್ದ ಮೂಗುಬೊಟ್ಟು ಹುಡುಕೋದು ಯಾರಿಗೂ ಬೇಡ.